ಎಡಕ್ಕೆ ಉಜ್ಜುತ್ತಿದ್ದ ಚಕ್ರ

ಆ ಬಡಾವಣೆಯವರು ಅವಳಿಗೆ ಸುಂಟರಗಾಳಿ ಸಿಸ್ಟರ್ ಎಂದು ಹೆಸರಿಟ್ಟಿದ್ದರು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಗಾಯದ ಪಟ್ಟಿ ಬದಲಿಸುವುದು, ಇಂಜೆಕ್ಷನ್ ಕೊಡುವುದು ಅವಳ ಕೆಲಸ. ದಿನಕ್ಕೆ ಹನ್ನೊಂದು ಮನೆ. ಎಲ್ಲ ಕಡೆಗೂ ಸೈಕಲ್ಲಿನಲ್ಲೇ. ಕೂತುಕೊಳ್ಳಿ ಎಂದು ಯಾರಾದರೂ ಕುರ್ಚಿ ಎಳೆದುಕೊಟ್ಟರೆ ಅದರ ಮೇಲೆ ಔಷಧಿಯ ಚೀಲ ಇಟ್ಟು ತಾನು ನಿಂತೇ ಇರುತ್ತಿದ್ದಳು. ಐವತ್ತೆರಡು ದಾಟಿದರೂ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಗಂಡ ಅದಕ್ಕೆ ತದ್ವಿರುದ್ಧ. ಪಂಪ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವನು, ಆರು ವರ್ಷದ ಹಿಂದೆ ಬೆನ್ನುನೋವೆಂದು ಯಂತ್ರದ ಕೆಲಸ ಬಿಟ್ಟು ಅಲ್ಲಿನ ಉಗ್ರಾಣಕ್ಕೆ ಹೋಗಿದ್ದ. ಒಂದು ಮಾತಾಡಬೇಕಾದ ಕಡೆ ಅರ್ಧ ಮಾತಾಡುವ ಮನುಷ್ಯ.

ಒಂದು ಶನಿವಾರ ಸೈಕಲ್ಲಿನ ಹಿಂದಿನ ಚಕ್ರದ ರಿಮ್ಮು ತುಕ್ಕು ತಿಂದು ಸೀಳಿತು. ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅವಳು ಬಾಗಿಲ ಮುಂದೆ ನಿಂತಿದ್ದಳು. ಅದೇ ಅಳತೆಯ ಹೊಸ ಚಕ್ರ ತಂದು, ಅಂಗಳದಲ್ಲಿ ಗೋಣಿಚೀಲ ಹಾಸಿ, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿದಳು. ಅರ್ಧ ಗಂಟೆಯ ಕೆಲಸ ಎಂಬುದು ಅವಳ ಲೆಕ್ಕಾಚಾರ.

ಚಕ್ರ ಒಳಗೇ ಹೋಗಲಿಲ್ಲ. ಅಚ್ಚು ಒಂದಿಷ್ಟು ಅಗಲವಾಗಿತ್ತು. ನಟ್ಟು ಬಿಚ್ಚಿ ನೋಡಿದರೆ ಎರಡೂ ಕಡೆ ಒಂದೊಂದು ದಪ್ಪ ವಾಷರ್ ಹೆಚ್ಚಿಗೆ ಇತ್ತು. ತೆಗೆದಳು. ಚಕ್ರ ಕೂತಿತು. ಗೆದ್ದೆ ಎಂದು ತಿರುಗಿಸಿದರೆ ಸರ್ ಸರ್ ಎಂದು ಉಜ್ಜಿತು. ಟೈರು ಎಡಗಡೆಯ ಕೊಳವೆಗೆ ತಾಗುತ್ತಿತ್ತು. ಬಿಚ್ಚಿ ಹಾಕಿದಳು, ಹಾಕಿ ಬಿಚ್ಚಿದಳು. ಅದೇ ಸದ್ದು.

ಗಂಡ ಜಗಲಿಯ ಮೇಲೆ ಕೂತು ನೋಡುತ್ತಿದ್ದ.

"ರೀ, ಫಿಟ್ಟರ್ ಸಾಹೇಬ್ರೇ, ಸ್ವಲ್ಪ ಬಂದು ನೋಡಬಾರದಾ?"

"ಹಳೇ ಸೈಕಲ್ಲು ಕಣೆ. ಬಿಟ್ಟುಬಿಡು. ಬೇರೆ ಒಂದು ತಗೊಳ್ಳೋಣ."

"ಸೈಕಲ್ಲಿಗೇನಾಗಿದೆ? ನಿನ್ನೆವರೆಗೂ ಬಾಣದ ಹಾಗೆ ಓಡ್ತಿತ್ತು!"

ಅವನು ಒಳಗೆ ಎದ್ದುಹೋದ. ಅವಳಿಗೆ ಮೈಯೆಲ್ಲ ಉರಿಯಿತು. ಚಕ್ರವನ್ನು ಹೆಗಲಿಗೇರಿಸಿಕೊಂಡು ಬಿಸಿಲಲ್ಲಿ ಅಂಗಡಿಗೆ ನಡೆದಳು. ಅಂಗಡಿಯವನು ಅದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತಿರುಗಿಸಿದ. ಕೂದಲೆಳೆಯಷ್ಟೂ ಅಲುಗಲಿಲ್ಲ.

"ಚಕ್ರ ನೆಟ್ಟಗಿದೆ ಅಕ್ಕ."

"ಹಾಗಾದ್ರೆ ನಾನು ಸೊಟ್ಟಗಿದೀನಾ?"

ಅವನು ನಕ್ಕ. "ಒಂದು ಕೆಲಸ ಮಾಡಿ. ಚೈನು ಕಳಚಿ, ಚಕ್ರದ ಎಡಮಗ್ಗುಲು ಬಲಕ್ಕೆ ಬರೋ ಹಾಗೆ ತಿರುಗಿಸಿ ಹಾಕಿ. ಆಗ ಬಲಕ್ಕೆ ಉಜ್ಜಿದ್ರೆ ತಪ್ಪು ಚಕ್ರದ್ದು, ತಂದುಕೊಡಿ, ಬೇರೆ ಕೊಡ್ತೀನಿ. ಆಗಲೂ ಎಡಕ್ಕೇ ಉಜ್ಜಿದ್ರೆ ಸೈಕಲ್ಲಿನ ಮೈಯೇ ವಾಲಿದೆ ಅಂತ."

ಮತ್ತೆ ಮನೆಗೆ. ಊಟದ ಹೊತ್ತು ಮೀರಿತ್ತು. ತಟ್ಟೆಯ ಮುಂದೆ ಕೂರಲು ಮನಸ್ಸಾಗಲಿಲ್ಲ. ನಾಳೆ ಏಳು ಗಂಟೆಗೆ ಮೊದಲ ಮನೆ, ಸಕ್ಕರೆ ಕಾಯಿಲೆಯ ಮುದುಕನ ಕಾಲಿನ ಹುಣ್ಣು. ಚಕ್ರ ತಿರುಗಿಸಿ ಹಾಕಿದಳು.

ಎಡಕ್ಕೇ ಉಜ್ಜಿತು.

ಆದರೂ ನಂಬಿಕೆ ಬರಲಿಲ್ಲ. ಹೊಲಿಗೆ ಪೆಟ್ಟಿಗೆಯಿಂದ ದಾರ ತಂದಳು. ಹಿಂದಿನ ಅಚ್ಚು ಕೂರುವ ಒಂದು ತುದಿಗೆ ಕಟ್ಟಿ, ಹ್ಯಾಂಡಲ್ಲಿನ ಕೆಳಗಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ತುದಿಗೆ ಬಿಗಿಯಾಗಿ ತಂದಳು. ಸೀಟಿನ ಕೊಳವೆಯ ಎಡಗಡೆ, ದಾರದ ಸಂದಿನಲ್ಲಿ ಹೆಬ್ಬೆರಳು ಸಲೀಸಾಗಿ ಹೋಯಿತು. ಬಲಗಡೆ ಕಿರುಬೆರಳೂ ಹಿಡಿಸಲಿಲ್ಲ.

ಸೈಕಲ್ಲು ವಾಲಿತ್ತು. ಹಾಗಿದ್ದರೆ ಹಳೆಯ ಚಕ್ರ ನೆಟ್ಟಗೆ ಓಡಿದ್ದು ಹೇಗೆ? ಗೋಡೆಗೆ ಒರಗಿಸಿದ್ದ ಅದನ್ನು ಎಳೆದುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿದಳು. ಬಲಗಡೆಯವು ವೀಣೆಯ ತಂತಿಯ ಹಾಗೆ ಬಿಗಿ, ಎಡಗಡೆಯವು ಸಡಿಲ. ಯಾರೋ ಬೇಕೆಂದೇ, ಬಹಳ ತಾಳ್ಮೆಯಿಂದ, ರಿಮ್ಮನ್ನು ಬಲಕ್ಕೆ ಎಳೆದಿದ್ದರು. ಸೈಕಲ್ಲಿನ ಸೊಟ್ಟಿಗೆ ಚಕ್ರವನ್ನು ಹೊಂದಿಸಿದ್ದರು. ಆ ಸೈಕಲ್ಲಿನಿಂದ ಅವಳು ಒಮ್ಮೆಯೂ ಬಿದ್ದಿರಲಿಲ್ಲ. ಅಂಗಡಿಗೆ ರಿಪೇರಿಗೂ ಕೊಟ್ಟಿರಲಿಲ್ಲ. ಅದನ್ನು ಬಿಚ್ಚಿ ಜೋಡಿಸುವ ಕೈ ಮನೆಯಲ್ಲಿ ಒಂದೇ ಇತ್ತು.

ದಾರವನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದಳು. ಅವನು ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದ.

"ಯಾವಾಗ ಬಿದ್ರಿ?"

ಅವನು ನಲ್ಲಿ ನಿಲ್ಲಿಸಿದ. "ಆರು ವರ್ಷ ಆಯ್ತು."

"ಎಲ್ಲಿ?"

"ಕಾರ್ಖಾನೆ ಹಿಂದಿನ ರಸ್ತೇಲಿ, ಒಂದು ಮಧ್ಯಾಹ್ನ. ನೀನು ತಂಗಿ ಮನೆಗೆ ಹೋಗಿದ್ದೆ. ಎಡಗಡೆ ಕಲ್ಲುರಾಶಿ ಇತ್ತು. ಕಾಣಲಿಲ್ಲ."

"ಹಾಡಹಗಲಲ್ಲಿ ಕಲ್ಲುರಾಶಿ ಕಾಣಲಿಲ್ವಾ?"

"ಕಾಣಲಿಲ್ಲ ಅಂದ್ನಲ್ಲ. ಎಡಗಡೆ ಏನೂ ಕಾಣಲ್ಲ ಕಣೆ ನನಗೆ."

ಅವಳು ದಾರ ಕೆಳಗೆ ಹಾಕಿದಳು. ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳನ್ನು ಅವನ ಎಡಕಿವಿಯ ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತಂದಳು. "ಕಂಡಾಗ ಹೇಳಿ." ಬೆರಳು ಕೆನ್ನೆ ದಾಟಿತು, ಹುಬ್ಬು ದಾಟಿತು. ಮೂಗಿನ ಎದುರಿಗೆ ಬಂದಾಗ, "ಹಾಂ, ಈಗ," ಎಂದ.

ಆಮೇಲೆ ಒಂದೊಂದಾಗಿ ಹೊರಬಿತ್ತು. ಬೆನ್ನುನೋವು ಸುಳ್ಳು. ತಿರುಗುವ ಯಂತ್ರದ ಹತ್ತಿರ ಕೈ ಎಲ್ಲಿ ಹೋಗುತ್ತಿದೆ ಎಂದು ಕಾಣದೆ ಹೆದರಿ ಉಗ್ರಾಣ ಸೇರಿದ್ದ. ಇನ್ನೂ ಸೈಕಲ್ಲು ಓಡಿಸಬಲ್ಲೆನಾ ಎಂದು ಪರೀಕ್ಷಿಸಲು ಹೋಗಿ ಬಿದ್ದಿದ್ದ. ಇಷ್ಟು ವರ್ಷ ಎಡಗಡೆ ಇಟ್ಟ ಲೋಟ ಉರುಳಿದಾಗ, ಬಾಗಿಲಿಗೆ ಭುಜ ಬಡಿದಾಗ, "ಕಣ್ಣು ಕಾಣಲ್ವಾ ನಿಮಗೆ" ಎಂದು ಅವಳೇ ರೇಗಿದ್ದಳು. ಪ್ರತಿ ಸಲವೂ ಅವನು ನಕ್ಕುಬಿಟ್ಟಿದ್ದ.

"ಊರವರ ಮೈಯೆಲ್ಲ ನೋಡ್ತೀನಿ, ಮನೇಲಿರೋರ ಕಣ್ಣು ನೋಡ್ಲಿಲ್ಲ," ಎಂದಳು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಅಡುಗೆಮನೆಯಲ್ಲೇ ಶತಪಥ ಹಾಕಿದಳು.

"ಹೇಳಿದ್ರೆ ನೀನು ನಿದ್ದೆ ಮಾಡ್ತಿರಲಿಲ್ಲ," ಎಂದ ಅವನು. "ಬಾ, ಚಕ್ರ ಹಾಕಿಕೊಡ್ತೀನಿ."

ಸಂಜೆಯವರೆಗೆ ಅವನು ಅಂಗಳದಲ್ಲಿ ಕೂತು ಹೊಸ ಚಕ್ರದ ಕಡ್ಡಿಗಳನ್ನು ಬಲಕ್ಕೆ ಬಿಗಿದ, ಎಡಕ್ಕೆ ಸಡಿಲಿಸಿದ. ಕಣ್ಣು ಹಾಯಿಸಲೇ ಇಲ್ಲ. ಉಗುರಿನಿಂದ ಮೀಟಿ, ನಾದ ಕೇಳಿ, ಮುಂದಿನದಕ್ಕೆ ಹೋಗುತ್ತಿದ್ದ. ಕೊನೆಗೆ ತಿರುಗಿಸಿದಾಗ ಎಲ್ಲೂ ತಾಗಲಿಲ್ಲ. ಅವಳು ಮಾತ್ರ ಆ ಹೊತ್ತಿಗೆ ಫೋನಿನಲ್ಲಿದ್ದಳು, ಮುದುಕನದು ಬಿಟ್ಟು ಉಳಿದ ಹತ್ತು ಮನೆಗಳಿಗೂ ನಾಳೆ ಬರುವುದು ಮಧ್ಯಾಹ್ನವಾಗುತ್ತದೆ ಎಂದು ಹೇಳುತ್ತ. ಮುದುಕನ ಮನೆಗೆ ಮಾತ್ರ ಅದೇ ಸಂಜೆ ಹೊಸ ಚಕ್ರದ ಮೇಲೆ ಹೋಗಿ ಪಟ್ಟಿ ಬದಲಿಸಿ ಬಂದಳು.

ಸೋಮವಾರ ಕಣ್ಣಿನ ಆಸ್ಪತ್ರೆ. ಅವನು ಪರೀಕ್ಷೆಗೆಂದು ಒಳಗಿದ್ದ ನಲವತ್ತು ನಿಮಿಷ ಅವಳು ಕಾರಿಡಾರನ್ನು ಆ ತುದಿಯಿಂದ ಈ ತುದಿಗೆ ಅಳೆದಳು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಕಣ್ಣಿನೊಳಗಿನ ಒತ್ತಡದಿಂದ ನರ ಸವೆದಿದೆ. ಎಡಗಣ್ಣಿನಲ್ಲಿ ಹೋದದ್ದು ಹೋಯಿತು, ಬಲಗಣ್ಣಿಗೂ ಆಗಲೇ ಶುರುವಾಗಿದೆ. ದಿನಾ ಹನಿ ಹಾಕಿಕೊಂಡರೆ ಉಳಿದದ್ದನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳಬಹುದು. ಇನ್ನೆರಡು ವರ್ಷ ಬಿಟ್ಟು ಬಂದಿದ್ದರೆ ಕಷ್ಟವಿತ್ತು.

ಹೊರಗೆ ಬಂದ ಮೇಲೆ ಅವಳು ಅವನ ಎಡಗಡೆಗೆ ಸರಿದು ನಡೆದಳು. ಅವನಿಗದು ಗೊತ್ತಾಯಿತು.

ಬಲಗಣ್ಣು ಅವತ್ತಿದ್ದ ಹಾಗೇ ಉಳಿದಿದೆ. ಆದರೂ ಅವಳಿಗೆ ಸಮಾಧಾನವೆಂಬುದಿಲ್ಲ. ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ, "ಹನಿ ಹಾಕ್ಕೊಂಡ್ರಾ?" ಎಂದು ಕೇಳುತ್ತಾಳೆ. "ಹಾಕ್ಕೊಂಡೆ ಕಣೆ," ಎನ್ನುತ್ತಾನೆ ಅವನು. ಅವಳು ಹೂಂ ಎಂದು ತಲೆಯಾಡಿಸಿ, ಸೀದಾ ಕಪಾಟಿಗೆ ಹೋಗಿ, ಸೀಸೆಯನ್ನು ಬೆಳಕಿಗೆ ಹಿಡಿದು ಔಷಧಿ ಎಷ್ಟು ಇಳಿದಿದೆ ಎಂದು ನೋಡುತ್ತಾಳೆ.