ಬೆನ್ನು ಮಾಡಿ ಪಾಕ ಹಿಡಿದ ತಾತ

“ಬಂತು, ಇಳಿಸ್ರಲಾ!” ಎಂದು ಕೂಗಿದ ತಾತ ಕುದಿಯುವ ಕೊಪ್ಪರಿಗೆಗೆ ಬೆನ್ನು ಮಾಡಿ ಕುಳಿತಿದ್ದರು. ಆಳುಗಳು ಕೂಡಲೇ ಇಳಿಸಿದರು. ಹಲಗೂರಿನ ಹತ್ತಿರದ ಆಲೆಮನೆಗೆ ಬೆಲ್ಲ ಕೊಳ್ಳಲು ಹೋಗಿದ್ದ ನಾನು ದಂಗಾದೆ. ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡದೆ ಹೇಗೆ ಹೇಳಿದರು? ತಾತ ನನ್ನತ್ತ ತಿರುಗಿದರು. ಎರಡು ಕಣ್ಣೂ ಬೆಳ್ಳಗಾಗಿದ್ದವು.

“ಕುದಿ ಮೊದ್ಲು ಚಟಚಟ ಅಂತದೆ ಕಣಮ್ಮ, ಪಾಕ ಬಂದಾಗ ದನಿ ದಪ್ಪಾಯ್ತದೆ. ಕಣ್ಣು ಹೋದ್ಮೇಲೆ ಕೇಳ್ಕೇಳಿ ಕಲ್ತೆ. ಕಲಿಯೋವಾಗ ಒಂದು ಕೊಪ್ಪರಿಗೆ ಅಂಟಾಯ್ತು, ಇನ್ನೊಂದು ಸೀದೋಯ್ತು. ‘ಕೆಟ್ರೆ ಕೆಡ್ಲಿ, ಪಾಕ ನೀನೇ ಹೇಳು’ ಅಂದ್ಬುಟ್ರು ಯಜಮಾನ್ರು.”

ಮಂಡ್ಯದ ಬಿ.ಇಡಿ. ಕಾಲೇಜೊಂದರಲ್ಲಿ ನಾನು ಕಲಿಸುವುದೇ ಕಲಿಕೆಯ ಸಿದ್ಧಾಂತಗಳನ್ನು. ಪ್ರಯತ್ನ-ಪ್ರಮಾದದಿಂದ ಕಲಿಕೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ. ಪ್ರಮಾದವಾದಾಗ ಪಕ್ಕದಲ್ಲಿ ನಿಂತು ‘ಕೆಡಲಿ’ ಎನ್ನುವವರೊಬ್ಬರು ಬೇಕು ಎಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ. ನಾನಂತೂ ಹಾಗೆ ನಿಂತವಳೇ ಅಲ್ಲ.

ಮರುದಿನ, ಅಭ್ಯಾಸ ಪಾಠ ಮಾಡುವಾಗ ಮಾತು ಹೊರಡದೆ ಅತ್ತುಬಿಟ್ಟಿದ್ದ ವಿದ್ಯಾರ್ಥಿನಿಯನ್ನು ಕರೆಸಿದೆ. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಈ ವೃತ್ತಿಗೆ ತಕ್ಕವಳಲ್ಲ’ ಎಂದು ಬರೆದಿದ್ದವಳು ನಾನೇ. ಅದನ್ನು ಹೊಡೆದುಹಾಕಿ, “ಇನ್ನೊಂದು ಸಲ ಮಾಡಮ್ಮ, ಕೆಟ್ಟರೆ ಕೆಡಲಿ” ಎಂದೆ. ಅವಳು ಚಾಕ್‌ಪೀಸ್ ಎತ್ತಿಕೊಂಡಳು. ನಾನು ಕೊನೆಯ ಬೆಂಚಿನಲ್ಲಿ ಕುಳಿತು, ಪೆನ್ನು ಮುಚ್ಚಿಟ್ಟು, ಕಣ್ಣು ಮುಚ್ಚಿ ಕೇಳತೊಡಗಿದೆ.