ಬಸಣ್ಣ ಕಾಕಾನ ಜೋಡೆತ್ತು

ಬಸಣ್ಣ ಕಾಕಾನ ಮುಂದೆ ಯಾರೂ ಸೀನುವಂತಿರಲಿಲ್ಲ. ಅವರು ಎತ್ತಿನ ಕಾಲು ಸರಿಸುವಾಗ ಕಮರಿಪೇಟೆಯ ಅವರ ಕೋಣೆಯ ಕಿಟಕಿ ಮುಚ್ಚಬೇಕು, ಫ್ಯಾನು ನಿಲ್ಲಬೇಕು, ಮೇ ತಿಂಗಳ ಸೆಖೆಯಲ್ಲೂ ನಾನು ಉಸಿರು ಬಿಗಿಹಿಡಿದು ನಿಲ್ಲಬೇಕು. "ಮಾಸ್ತರ, ಉಸರು ಆಮ್ಯಾಲೆ ಬಿಡ್ರಿ, ಎಲ್ಲೂ ಓಡಿ ಹೋಗಂಗಿಲ್ಲ ಅದು," ಎನ್ನುತ್ತಿದ್ದರು.

ಅವು ಗೇಣುದ್ದದ ಮಣ್ಣೆತ್ತುಗಳು. ಒಳಗೆ ತಂತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಹಸಿಯಾಗಿಯೇ ಇಟ್ಟ ಎರೆಮಣ್ಣು. ಕಾಲನ್ನು ಜೋಳದ ಕಾಳಿನಷ್ಟು ಸರಿಸುವುದು, ಒಂದು ಫೋಟೊ ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು ಫೋಟೊ. ಹನ್ನೆರಡು ಫೋಟೊ ಸೇರಿದರೆ ಎತ್ತು ಒಂದು ಸೆಕೆಂಡು ನಡೆಯುತ್ತಿತ್ತು. ನಮ್ಮೂರಲ್ಲಿ ಅವರಿಗಿಂತ ಮೊದಲು ಇದನ್ನು ಮಾಡಿದವರನ್ನು ನಾನಂತೂ ಕಂಡಿಲ್ಲ, ಕೇಳಿಲ್ಲ.

ಹರೆಯದಲ್ಲಿ ಟಾಕೀಸುಗಳಿಗೆ ಗಾಜಿನ ಸ್ಲೈಡುಗಳ ಮೇಲೆ ಜಾಹೀರಾತು ಬರೆದವರು ಅವರು. ಸೀರೆ ಅಂಗಡಿ, ಚಹಾಪುಡಿ, ಹಲ್ಲಿನ ಡಾಕ್ಟರು, ಎಲ್ಲರದೂ ಬರೆದು ಸಾಕಾಗಿತ್ತು. ಈಗ ಕಣ್ಣು ಮಂಜಾಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. "ಪೂರಾ ಕತ್ತಲಾಗೂದ್ರೊಳಗ ನನ್ನದು ಅನ್ನೂದೊಂದು ಸಿನಿಮಾ ಆಗಬೇಕ್ರಿ. ಎರಡ ನಿಮಿಷದ್ದಾದ್ರೂ ಸಾಕು," ಎಂದಿದ್ದರು. ಚಿತ್ರಕಲಾ ಮಾಸ್ತರನಾದ ನಾನು ಬಿಡುವಾದಾಗಲೆಲ್ಲ ನವನಗರದಿಂದ ಹೋಗಿ ಕ್ಯಾಮೆರಾದ ಗುಂಡಿ ಒತ್ತುತ್ತಿದ್ದೆ.

ಎರಡು ತಿಂಗಳ ದುಡಿಮೆಯಲ್ಲಿ ಎತ್ತುಗಳು ಮನೆಯೊಳಗಿಂದ ಹೊರಟು ಹೊಸ್ತಿಲವರೆಗೆ ಬಂದಿದ್ದವು. ಅಷ್ಟರಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಂದು ನಾನು ಹೋಗಿ ನೋಡಿದರೆ ಎರಡೂ ಎತ್ತುಗಳ ಹಣೆಯ ಮೇಲೆ ಢಾಳಾದ ಕುಂಕುಮ! ಕಾಕಾನ ಹೆಂಡತಿ ನೀಲಕ್ಕ ಕಾಕು ಆರತಿ ತಟ್ಟೆ ಹಿಡಿದೇ ನಿಂತಿದ್ದರು. "ಹಬ್ಬದ ದಿನ ಎತ್ತು ಪೂಜಿ ಇಲ್ದ ನಿಂತ್ರ ಮನಸಿಗೆ ಹ್ಯಾಂಗಾಕ್ಕೈತ್ರಿ?"

ಅಲ್ಲಿಯವರೆಗಿನ ಫೋಟೊಗಳಲ್ಲೆಲ್ಲ ಖಾಲಿ ಹಣೆ. ಹಸಿ ಮಣ್ಣು. ಒರೆಸಿದರೆ ಮುಖವೆಲ್ಲ ಕೆಂಪಾಗುವುದು ಖಂಡಿತ. ಮೊದಲಿಂದ ಶುರು ಮಾಡಿದರೆ ಮುಗಿಯುವವರೆಗೆ ಕಾಕಾನ ಕಣ್ಣು ಬಾಳುವಂತಿರಲಿಲ್ಲ. ಅವರು ಹಬ್ಬದೂಟವನ್ನೂ ಮಾಡದೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ನನಗೆ ಕಾಕುವಿನ ಮೇಲೆ ಸಿಟ್ಟು ಬಂದದ್ದು ಸುಳ್ಳಲ್ಲ.

ಮಧ್ಯಾಹ್ನ ಎದ್ದವರೇ ಕೂಗಿದರು, "ಏ ನೀಲಾ, ಕುಂಕುಮ ಹಚ್ಚೀದಿಯಲ್ಲ, ಆ ಕೈ ತಗೊಂಡ ಬಾ ಇಲ್ಲೆ."

ಎತ್ತುಗಳ ಹಣೆ ಮುಚ್ಚುವಂತೆ ಕಾಕುವಿನ ಅಂಗೈ ಇರಿಸಿ ಒಂದು ಫೋಟೊ. ಆಮೇಲೆ ಕಾಕಾ ಅದೇ ಕೈಯನ್ನು ಕಾಳು ಕಾಳಿನಷ್ಟು ಹಿಂದೆ ಸರಿಸುತ್ತಾ ಹೋದರು. ಒಂದು ತಾಸಾಯಿತು.

"ಇನ್ನೆಷ್ಟೊತ್ರಿ? ತೋಳು ಬಿದ್ದ ಹೋಗಾಕತ್ತೈತಿ."

"ಸುಮ್ಮನಿರ. ಎತ್ತು ಬೆದರ್ತಾವ."

ಸಿನಿಮಾದಲ್ಲಿ ಎತ್ತುಗಳು ಹೊಸ್ತಿಲಲ್ಲಿ ನಿಲ್ಲುತ್ತವೆ. ಬಳೆ ತೊಟ್ಟ ದೊಡ್ಡ ಕೈಯೊಂದು ಕಾಣಿಸಿ, ನಡುಗುತ್ತಾ ಹಿಂದೆ ಸರಿಯುತ್ತದೆ. ಕುಂಕುಮ ಹೊತ್ತ ಎತ್ತುಗಳು ಹೊಲಕ್ಕೆ ನಡೆಯುತ್ತವೆ. ದಸರೆಯೊಳಗೆ ಮುಗಿಯಿತು. ಕಾಕಾ ಪರದೆಗೆ ಮೂಗು ತಾಗಿಸಿ ಅದನ್ನು ನೋಡಿದ್ದೇ ನೋಡಿದ್ದು.

ಅವರು ತೀರಿಹೋದ ಮೇಲೆ ಒಂದು ದಿನ ಮೊಬೈಲಿನಲ್ಲಿ ಕಾಕುಗೆ ಸಿನಿಮಾ ತೋರಿಸಿದೆ. ನೋಡಿ ಮುಗಿಸಿ ಮೊಬೈಲನ್ನು ಹಿಂದೆ ಮುಂದೆ ತಿರುಗಿಸಿದರು.

"ನನ್ನ ಕೈ ಬಂದೈತಿ. ಅವರ್ದು ಎಲ್ಲೂ ಕಾಣವಲ್ದಲ್ರಿ?"

"ಒಂದು ಫೋಟೊಕ್ಕೂ ಇನ್ನೊಂದು ಫೋಟೊಕ್ಕೂ ನಡುವ ಐತ್ರಿ ಕಾಕು, ಅವರ ಕೈ," ಎಂದೆ.

ಕಾಕು ಚಾಳೀಸು ಒರೆಸಿ ಕಣ್ಣಿಗೇರಿಸಿಕೊಂಡು ಹತ್ತಿರ ಸರಿದರು.

"ಹಂಗಾರ ಸಾವಕಾಶ ಓಡಸ್ರಿ, ಮಾಸ್ತರ."