ಹಸನಬ್ಬರ ಇಂಕಾ

ಪಾಳುಮನೆಯ ಹೊಸ್ತಿಲಿನಲ್ಲಿ ಹಸನಬ್ಬ ಚಪ್ಪಲಿ ಕಳಚುತ್ತಿದ್ದರು. ಗಂಟಲು ಸರಿಮಾಡಿಕೊಂಡು, "ಒಳಗೆ ಯಾರಾದರೂ ಉಂಟಾ?" ಎಂದು ಕೇಳುತ್ತಿದ್ದರು. ಆ ಮನೆಗೆ ಮಾಡೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಆದರೂ ಉತ್ತರ ಬರಲು ಬೇಕಾದಷ್ಟು ಹೊತ್ತು ಕಾದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು. ಜನ ಬಿಟ್ಟುಹೋಗಿ ಎಷ್ಟೋ ತಲೆಮಾರುಗಳಾಗಿವೆ ಎಂದು ನಾನು ತಿದ್ದಿದರೆ, "ಅದು ನಿಮ್ಮ ಲೆಕ್ಕ ಸಾರ್. ಹೆಂಗಸರು ಇದ್ದರೆ ಎಂತ ಮಾಡುವುದು?" ಎನ್ನುತ್ತಿದ್ದರು.

ಇದು ಎಂಬತ್ತರ ದಶಕದ ನಡುಭಾಗದ ಮಾತು. ವರ್ಷದ ವಿಷಯದಲ್ಲಿ ನನ್ನ ದಿನಚರಿಯೂ ಪಾಸ್‌ಪೋರ್ಟಿನ ಮುದ್ರೆಯೂ ತಾಳೆಯಾಗದ ಕಾರಣ ಅದನ್ನಿಲ್ಲಿ ಬರೆಯುವುದಿಲ್ಲ. ನಾನಾಗ ಸೌದಿ ಅರೇಬಿಯದ ಅಭಾದಲ್ಲಿ ಮಣ್ಣಿನ ಸಂಶೋಧಕನಾಗಿದ್ದೆ. ಉಳ್ಳಾಲದ ಕಡೆಯ ಬ್ಯಾರಿಯಾದ ಹಸನಬ್ಬ ತಮ್ಮ ಕಫೀಲನ, ಎಂದರೆ ಅಲ್ಲಿ ಅವರ ಹೊಣೆ ಹೊತ್ತ ಮಾಲೀಕನ, ಪಿಕಪ್ ಓಡಿಸುತ್ತಿದ್ದರು. ಶುಕ್ರವಾರ ಮಾತ್ರ ಗಾಡಿಯೂ ಅವರೂ ನಮ್ಮವರು. ಬೆಟ್ಟಗಳ ಮೇಲಿನ ಹಳೆಯ ಕಲ್ಲೂರುಗಳನ್ನು ನಮ್ಮೂರಿನವರಿಗೆ ತೋರಿಸುವುದು ಅವರ ಹುಚ್ಚು.

ಪಿಕಪ್ಪಿನಲ್ಲಿ, ಬಿಸಿಲುಮರೆಯ ಹಲಗೆಗೆ, ಯಾವುದೋ ವಿಮಾನ ಕಂಪೆನಿಯ ಕ್ಯಾಲೆಂಡರಿನ ಚಿತ್ರವೊಂದನ್ನು ರಬ್ಬರ್ ಬಳೆ ಹಾಕಿ ಸಿಕ್ಕಿಸಿದ್ದರು: ಮೋಡ ತಾಗುವ ಬೆಟ್ಟ, ಮೆಟ್ಟಿಲು ಮೆಟ್ಟಿಲಾದ ಗದ್ದೆ, ಚಾವಣಿಯಿಲ್ಲದ ಕಲ್ಲುಮನೆಗಳು. ಅದು ಇಲ್ಲಿಯೇ ಎಲ್ಲೋ ಇದೆ, ಒಂದು ದಿನ ಕಂಡುಹಿಡಿಯುತ್ತೇನೆ ಎಂಬ ನಂಬಿಕೆ ಅವರದು. ಅದು ಪೆರು ದೇಶದ್ದು, ಇಂಕಾದವರು ಕಟ್ಟಿದ್ದು ಎಂದು ನಾನು ವಿವರಿಸಿದೆ.

"ಇಕಾಮಾದವರಾ?"

"ಇಕಾಮಾ ಅಲ್ಲ, ಇಂಕಾ."

"ಹಾಗಾದರೆ ಅವರಿಗೆ ಇಕಾಮಾ ಬೇಡವಾ?"

ವಾಸದ ಪರವಾನಗಿಯಾದ ಇಕಾಮಾ ಇಲ್ಲದೆ ನಾವಲ್ಲಿ ಬೀದಿಗಿಳಿಯುವಂತಿರಲಿಲ್ಲ. ಬೇಡವಾಗಿತ್ತೆಂದು ಹೇಳಿದೆ. ಹಸನಬ್ಬ ಚಿತ್ರವನ್ನು ಹೊಸದಾಗಿ ನೋಡಿದರು. "ಪುಣ್ಯವಂತರು ಮಾರಾಯ್ರೆ" ಎಂದರು. ಅಂದಿನಿಂದ ನಮ್ಮ ಪ್ರತಿ ಪಯಣಕ್ಕೂ 'ಇಂಕಾಕ್ಕೆ ಹೋಗುವುದು' ಎಂದೇ ಹೆಸರಾಯಿತು.

ಚಿತ್ರವನ್ನು ಬಹುಮಟ್ಟಿಗೆ ಹೋಲುವ ಊರೊಂದು ಪ್ರಾಂತ್ಯದ ಗಡಿಯಾಚೆ ಇದೆಯೆಂದು ಅವರಿಗೆ ಸುದ್ದಿ ಸಿಕ್ಕಿತ್ತು. ಗಡಿ ದಾಟಲು ಕಫೀಲನ ಕಾಗದ ಬೇಕು. ಅವರ ಬಳಿಯಿದ್ದ ಕಾಗದ ರಜಬ್ ತಿಂಗಳ ಕೊನೆಯವರೆಗೆ ಮಾತ್ರ. ಹಿಜರಿ ತಿಂಗಳಿಗೆ ಚಂದ್ರನ ಲೆಕ್ಕದಲ್ಲಿ ಒಮ್ಮೆ ಇಪ್ಪತ್ತೊಂಬತ್ತು ದಿನ, ಒಮ್ಮೆ ಮೂವತ್ತು. ಮುಂದಿನ ವಾರ ಅವರಿಗೆ ಊರಿನ ರಜೆ. ಅವರು ಸೌದಿಗೆ ಬಂದ ಮೇಲೆ ಹುಟ್ಟಿದ ಮಗಳಿಗೆ ಆಗಲೇ ಮೂರು ತುಂಬಿತ್ತು, ಮುಖ ನೋಡಿರಲಿಲ್ಲ.

"ಇವತ್ತು ಇಪ್ಪತ್ತೊಂಬತ್ತು ಸಾರ್. ನಾಳೆ ಮೂವತ್ತೋ, ಶಅಬಾನ್ ಒಂದೋ? ರಜೆ ಹತ್ತಿರ ಬಂತು, ಎಡವಟ್ಟು ಬೇಡ."

ನಾನು ಹಿಜರಿ ತಿಂಗಳುಗಳ ಗಣಿತದ ಕೋಷ್ಟಕ ತೆರೆದು ನೋಡಿದೆ. 'ರಜಬ್: ೩೦ ದಿನ' ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಚಿತ್ರದ ಹಿಂದೆ ಇಟ್ಟುಕೊಂಡರು.

ಮರುದಿನ, ಶುಕ್ರವಾರ, ಆ ಊರನ್ನು ಕಂಡೆವು. ಕಪ್ಪುಕಲ್ಲಿನ ಮನೆಗಳು ಒಂದರ ಹೆಗಲ ಮೇಲೊಂದು ನಿಂತಿದ್ದವು. ಕೆಳಗೆ ಮೆಟ್ಟಿಲುಗದ್ದೆ. ಹಸನಬ್ಬ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆ ಮನೆಗೂ ಹೋಲಿಸಿದರು. ಒಂದು ಚಿಕ್ಕ ಕಿಟಕಿಯ ಎತ್ತರವನ್ನು ಅಂಗೈಯಿಂದ ಅಳೆದು, "ನಮ್ಮ ಕುಂಞಿ ಇಷ್ಟೇ ಇರಬಹುದು" ಎಂದರು. ಪ್ರತಿ ಹೊಸ್ತಿಲಿನಲ್ಲೂ ಅದೇ ಪ್ರಶ್ನೆ, ಅದೇ ಕಾಯುವಿಕೆ. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಮತ್ತೆ ಕಾಣಲಿಲ್ಲ.

ಹೋಗುವಾಗ ಕೈಬೀಸಿ ಬಿಟ್ಟಿದ್ದ ಗಡಿಯ ಕಾವಲಿನವನು, ಬರುವಾಗ ಕಾಗದ ಕೇಳಿದ. ಅವನ ಹಿಂದಿನ ಗೋಡೆಯಲ್ಲಿ ಸರಕಾರಿ ಪಂಚಾಂಗವಿತ್ತು. ಅದರ ಪ್ರಕಾರ ಆ ವರ್ಷದ ರಜಬ್ ಇಪ್ಪತ್ತೊಂಬತ್ತಕ್ಕೇ ಮುಗಿದಿತ್ತು. ಅಂದು ಶಅಬಾನ್ ಒಂದು. ತಪ್ಪು ನನ್ನದೆಂದು ಹೇಳಲು ನಾನು ಮುಂದೆ ಬಂದೆ. ಹಸನಬ್ಬ ನನ್ನ ಮಣಿಕಟ್ಟು ಒತ್ತಿ ಹಿಡಿದು, "ಸುಮ್ಮನಿರಿ, ನಿಮ್ಮ ತಲೆಗೂ ಬರುತ್ತದೆ" ಎಂದು ಕನ್ನಡದಲ್ಲಿ ಹೇಳಿದರು. ಆಮೇಲೆ ಕಾವಲಿನವನ ಕಡೆ ತಿರುಗಿ, ತನಗೆ ಓದು ಬಾರದು, ಕಾಗದದಲ್ಲಿ ಏನಿದೆಯೆಂದು ತಿಳಿಯಲಿಲ್ಲ ಎಂದರು. ಮದರಸದಲ್ಲಿ ಕಲಿತ ಅರಬ್ಬಿಯನ್ನು ನೀರು ಕುಡಿದಷ್ಟು ಸರಾಗವಾಗಿ ಓದುತ್ತಿದ್ದ ಮನುಷ್ಯ.

ಕಫೀಲನ ಮುಂದೆಯೂ ಅದನ್ನೇ ಹೇಳಿದರು. ಅವನು ರಜೆಯನ್ನು ನಾಲ್ಕು ತಿಂಗಳು ಮುಂದಕ್ಕೆ ಹಾಕಿದ. ನಾನೇ ಹೋಗಿ ಒಪ್ಪಿಕೊಳ್ಳುತ್ತೇನೆಂದಾಗ, "ಇನ್ನು ಹೋದರೆ ನಾನು ಸುಳ್ಳು ಹೇಳಿದ್ದೂ ಗೊತ್ತಾಗುತ್ತದೆ ಸಾರ್. ಬೇಡ" ಎಂದು ತಡೆದರು. ಆ ನಾಲ್ಕು ತಿಂಗಳು ಅವರನ್ನು ಎದುರಿಸುವುದು ನನಗೆ ಕಷ್ಟವಾಯಿತು, ಅವರಿಗೆ ಆಗಲಿಲ್ಲ. ಶುಕ್ರವಾರ ಹಾರ್ನ್ ಹೊಡೆದು, "ಯಲ್ಲಾ ಸಾರ್, ಹೊರಡುವ, ಹತ್ತಿರದ ಇಂಕಾ" ಎನ್ನುತ್ತಿದ್ದರು.

ಅವರು ಊರಿಗೆ ಹೊರಟ ದಿನ ವಿಮಾನನಿಲ್ದಾಣಕ್ಕೆ ಹೋಗಿದ್ದೆ. ಮರಳಿ ಬರುವುದಿಲ್ಲವೆಂದು ಅಲ್ಲಿಯೇ ಹೇಳಿದರು. ಅಂಗಿಯ ಜೇಬಿನಿಂದ ಆ ಚಿತ್ರವನ್ನು ತೆಗೆದು ನನ್ನ ಕೈಗಿತ್ತರು. ಹಿಂದೆ, ನಾಲ್ಕು ಮಡಿಕೆಯಾಗಿ, ನನ್ನ ಚೀಟಿ ಇತ್ತು. ನಾನು ಅದನ್ನು ಹರಿಯಹೊರಟೆ.

"ಹರಿಯಬೇಡಿ. ಈ ದೇಶದಲ್ಲಿ ನನಗೆ ಒಂದು ದಿವಸ ಜಾಸ್ತಿ ಕೊಟ್ಟವರು ನೀವು ಒಬ್ಬರೇ."

ನಾನು ಬರೆದ ಪತ್ರಗಳಿಗೆ ಎರಡು ವರ್ಷ ಉತ್ತರ ಬಂತು, ಆಮೇಲೆ ನಿಂತಿತು. ನಿವೃತ್ತನಾದ ಮೇಲೆ ಹಳೆಯ ಟಿಪ್ಪಣಿಗಳಲ್ಲಿನ ದಿನಾಂಕಗಳನ್ನೆಲ್ಲ ಸರಕಾರಿ ಪಂಚಾಂಗದೊಡನೆ ಹೋಲಿಸಿ, ತಪ್ಪಿದ್ದಲ್ಲಿ ತಿದ್ದಿದ್ದೇನೆ. ಚೀಟಿ ಮೇಜಿನ ಗಾಜಿನಡಿ ಇದೆ. ಅದರಲ್ಲಿ ರಜಬ್ ತಿಂಗಳಿಗೆ ಈಗಲೂ ಮೂವತ್ತು ದಿನ.